ಹಗೆ ಕರಗುವವರೆಗೆ ಕಾಯಬೇಕೆ?

ಓದುಗರ ಪತ್ರಗಳಿಗೆ ಉತ್ತರಿಸುವ ಅಂಕಣ. ಉತ್ತರಿಸುತ್ತಿರುವವರು ವಿಜಯಪುರದ ಹಿರಿಯ ವಕೀಲೆ. ಸಿವಿಲ್ ವ್ಯಾಜ್ಯಗಳನ್ನು ನಡೆಸುವುದರ ಜೊತೆಗೆ ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರದಲ್ಲಿ ಸಂಧಾನಕಾರರಾಗಿಯೂ ಕೆಲಸ ಮಾಡುತ್ತಾರೆ.

ಪ್ರಶ್ನೆ: ಟಿ.ವಿ. ಹಾಕಿದರೆ ಗಾಜಾ, ಉಕ್ರೇನ್, ಸುಡಾನ್, ಮಣಿಪುರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಯ ಹುಡುಗನೊಬ್ಬ ‘ಟೀಚರ್, ಇವೆಲ್ಲ ಎಂದಾದರೂ ಮುಗಿಯುತ್ತವೆಯೇ?’ ಎಂದು ಕೇಳಿದ. ಏನು ಹೇಳಲಿ?
– ಶಿಕ್ಷಕಿ, ಮುಧೋಳ

ಮುಗಿಯುತ್ತವೆ ಎಂದು ಧೈರ್ಯವಾಗಿ ಹೇಳಿ. ಮಕ್ಕಳನ್ನು ಸಮಾಧಾನ ಮಾಡುವುದಕ್ಕಾಗಿ ಹೇಳುವ ಮಾತಲ್ಲ ಇದು. ಇಸವಿ ಸಮೇತ ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದು.

ನಾನು ಕಾನೂನು ಓದುತ್ತಿದ್ದ ಕಾಲಕ್ಕೆ ರೇಡಿಯೊ ವಾರ್ತೆಯಲ್ಲಿ ಬೆಲ್‌ಫಾಸ್ಟ್ ಎಂಬ ಹೆಸರು ಬಂದರೆ ಅದರ ಬೆನ್ನಿಗೇ ಸತ್ತವರ ಸಂಖ್ಯೆ ಬರುತ್ತಿತ್ತು. ಆ ಊರಿರುವ ಉತ್ತರ ಐರ್ಲೆಂಡ್ ನಮ್ಮ ಬೆಳಗಾವಿ ಜಿಲ್ಲೆಗಿಂತ ತುಸುವೇ ದೊಡ್ಡದು. ಅಷ್ಟು ಚಿಕ್ಕ ನಾಡಿನಲ್ಲಿ 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ಹೊಡೆದಾಡಿ ಸುಮಾರು 3,500 ಜನ ಸತ್ತರು. ಬ್ರಿಟನ್ನಿನ ಜೊತೆಗೇ ಉಳಿಯಬೇಕು ಎನ್ನುವವರು ಒಂದು ಕಡೆ, ಐರ್ಲೆಂಡಿಗೆ ಸೇರಬೇಕು ಎನ್ನುವವರು ಇನ್ನೊಂದು ಕಡೆ. ನಡುವೆ ನಾನೂರು ವರ್ಷಗಳ ಹಳೆಯ ಧರ್ಮದ ಗಾಯ. 1993ರ ಅಕ್ಟೋಬರ್ ತಿಂಗಳೊಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಹೆಣ ಬಿದ್ದವು. ಐರ್ಲೆಂಡಿಗೆ ಸೇರಬೇಕೆಂದು ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆಯ ಮುಖಂಡರೊಂದಿಗೆ ಕುಳಿತು ಮಾತನಾಡುವುದನ್ನು ನೆನೆದರೇ ಹೊಟ್ಟೆ ತೊಳಸುತ್ತದೆ ಎಂದು ಬ್ರಿಟಿಷ್ ಪ್ರಧಾನಿ ಜಾನ್ ಮೇಜರ್ ಸಂಸತ್ತಿನಲ್ಲಿ ಹೇಳಿದರು. ಆ ದಿನ ಯಾರಾದರೂ ‘ಇನ್ನು ಹತ್ತು ತಿಂಗಳಲ್ಲಿ ಕದನವಿರಾಮ’ ಎಂದಿದ್ದರೆ ಅವರನ್ನು ಹುಚ್ಚರ ಸಾಲಿಗೆ ಸೇರಿಸುತ್ತಿದ್ದರು. ಆದರೆ 1994ರ ಆಗಸ್ಟ್ 31ರಂದು ಕದನವಿರಾಮ ಘೋಷಣೆಯಾಯಿತು.

ಹೇಗೆ ಸಾಧ್ಯವಾಯಿತು? ಡೆರಿ ಎಂಬ ಊರಿನಲ್ಲಿ ಬ್ರೆಂಡನ್ ಡಡ್ಡಿ ಎಂಬ ವ್ಯಾಪಾರಿ ಇದ್ದರು. ಮೀನು, ಆಲೂಗಡ್ಡೆ ಕರಿದು ಮಾರುವ ಅಂಗಡಿ ಅವರದು. 1970ರ ದಶಕದಿಂದಲೇ ಅವರು ಐಆರ್‌ಎ ಮತ್ತು ಬ್ರಿಟಿಷ್ ಗುಪ್ತಚರ ಅಧಿಕಾರಿಯ ನಡುವೆ ಮಾತು ಮುಟ್ಟಿಸುತ್ತಿದ್ದರು. ಹೊಟ್ಟೆ ತೊಳಸುತ್ತದೆ ಎಂದು ಪ್ರಧಾನಿ ಹೇಳುತ್ತಿದ್ದ ಹೊತ್ತಿಗೂ ಆ ಸರ್ಕಾರದ ಮಾತು ಆ ದಾರಿಯಲ್ಲಿ ಹೋಗಿಬರುತ್ತಿತ್ತು. ಡಡ್ಡಿಯವರ ಹೆಸರು ಹೊರಗಿನವರಿಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಟಿ.ವಿ. ಪರದೆ ಹೊಗೆಯನ್ನಷ್ಟೇ ತೋರಿಸುತ್ತದೆ. ಈ ಗುಟ್ಟಿನ ದಾರಿಯನ್ನೂ ತೋರಿಸಿದ್ದರೆ ಅದು ಮುಚ್ಚಿಹೋಗುತ್ತಿತ್ತು.

ಮುಂದೂ ಹಾದಿ ನೇರವಾಗಿರಲಿಲ್ಲ. 1996ರಲ್ಲಿ ಲಂಡನ್ನಿನಲ್ಲಿ ಬಾಂಬು ಸಿಡಿದು ಕದನವಿರಾಮ ಮುರಿಯಿತು, 1997ರಲ್ಲಿ ಮತ್ತೆ ಕೂಡಿತು. 1998ರ ಏಪ್ರಿಲ್ 10ರಂದು, ಶುಭ ಶುಕ್ರವಾರ, ಒಪ್ಪಂದವಾಯಿತು. ಮೇ ತಿಂಗಳಲ್ಲಿ ಉತ್ತರ ಐರ್ಲೆಂಡಿನ ಶೇ 71ರಷ್ಟು ಮತದಾರರು ಅದಕ್ಕೆ ಒಪ್ಪಿಗೆ ಕೊಟ್ಟರು. ಆಗಸ್ಟ್‌ನಲ್ಲಿ ಒಮಾ ಪಟ್ಟಣದ ಪೇಟೆಯಲ್ಲಿ ಬಾಂಬಿಗೆ 29 ಜನ ಬಲಿಯಾದರು. ಆಗ ಒಪ್ಪಂದ ಕುಸಿಯಬೇಕಿತ್ತು, ಕುಸಿಯಲಿಲ್ಲ. ನಿಮ್ಮ ಹುಡುಗನಿಗೆ ಈ ಇಸವಿಗಳನ್ನು ಹೇಳುವಾಗ ಒಮಾವನ್ನು ಬಿಡಬೇಡಿ. ಬಿಟ್ಟರೆ ಶಾಂತಿ ಎನ್ನುವುದು ಸಹಿ ಹಾಕಿದ ಮರುದಿನದಿಂದ ತಾನೇ ನಡೆಯುತ್ತದೆ ಎಂದುಕೊಳ್ಳುತ್ತಾನೆ.

ಪ್ರಶ್ನೆ: ನಮ್ಮದು ಭೀಮಾ ತೀರ. ತಲೆಮಾರುಗಳ ಹಗೆಯನ್ನು ಕಣ್ಣಾರೆ ಕಂಡವನು ನಾನು. ಮನಸ್ಸಿನಲ್ಲಿ ವಿಷ ಇರುವವರೆಗೆ ಕಾಗದದ ಮೇಲಿನ ರಾಜಿಗೆ ಬೆಲೆ ಇಲ್ಲ. ದೇಶ ದೇಶಗಳ ನಡುವೆಯೂ ಹಾಗೆಯೇ ಅಲ್ಲವೇ? ಕ್ಷಮೆಯೇ ಇಲ್ಲದ ಮೇಲೆ ಶಾಂತಿ ಎಲ್ಲಿಂದ ಬರುತ್ತದೆ?
– ರೈತ, ಇಂಡಿ ತಾಲ್ಲೂಕು

ನಿಮ್ಮ ತಾಲ್ಲೂಕಿನ ನಿಂಬೆ ದೇಶದ ಪೇಟೆ ಪೇಟೆಗೂ ಹೋಗುತ್ತದೆ. ಆದರೂ ಇಂಡಿಯ ಹೆಸರು ಪತ್ರಿಕೆಯ ಮುಖಪುಟಕ್ಕೆ ಬರುವುದು ಕೊಲೆಯಾದ ದಿನ ಮಾತ್ರ. ಈ ಬೇಸರ ನನಗೂ ಇದೆ, ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕ್ಷಮೆ ಮೊದಲು, ಶಾಂತಿ ಆಮೇಲೆ ಎಂದು ಹಟ ಹಿಡಿದರೆ ಎರಡೂ ಬರುವುದಿಲ್ಲ. ಸಂಧಾನದ ಕೋಣೆಯಲ್ಲಿ ನಡೆದದ್ದನ್ನು ಹೊರಗೆ ಹೇಳುವಂತಿಲ್ಲವಾದ್ದರಿಂದ ಊರು, ಮನೆತನ, ಕಾಲ ಯಾವುದರ ಗುರುತೂ ಸಿಗದಂತೆ ಒಂದು ಸಂಗತಿ ಹೇಳುತ್ತೇನೆ.

ದಾಯಾದಿಗಳ ಎರಡು ಮನೆ, ನಡುವೆ ಒಂದೇ ಬಾವಿ. ಹಿಂದಿನ ತಲೆಮಾರಿನಲ್ಲಿ ಒಂದು ಮನೆಯವನು ಸತ್ತಿದ್ದ, ಇನ್ನೊಂದು ಮನೆಯವನು ಜೈಲು ಕಂಡಿದ್ದ. ಈಗ ಮಕ್ಕಳ ಕಾಲ. ಬಾವಿಯ ನೀರಿಗಾಗಿ ದಾವೆ. ಹಿರಿಯರಿಬ್ಬರೂ ಒಂದೇ ಬೆಂಚಿನ ಮೇಲೆ ಕೂರಲು ಒಪ್ಪಲಿಲ್ಲ. ಒಬ್ಬರು ಕಿಟಕಿಯ ಕಡೆ ಮುಖ ಮಾಡಿ ನಿಂತರು, ಇನ್ನೊಬ್ಬರು ಬಾಗಿಲಿನ ಕಡೆ. ಆಡುವ ಮಾತೆಲ್ಲ ‘ಅವನಿಗೆ ಹೇಳಿ’ ಎಂದು ನನ್ನ ಮೂಲಕವೇ. ಸತ್ತವನ ವಿಷಯವನ್ನು ನಾನು ಎತ್ತಲಿಲ್ಲ. ಎತ್ತಿದ್ದರೆ ಆ ದಿನದ ಸಭೆ ಅಲ್ಲಿಗೇ ಮುಗಿಯುತ್ತಿತ್ತು. ‘ನಿಮ್ಮ ಕಡೆ ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ?’ ಎಂದು ಕೇಳಿದೆ. ಇಬ್ಬರೂ ಒಟ್ಟಿಗೇ ಉತ್ತರ ಕೊಟ್ಟರು, ಒಂದೇ ಉತ್ತರ. ರಾತ್ರಿಯ ಪಾಳಿ ಯಾವ ವಾರ, ಹಗಲಿನ ಪಾಳಿ ಯಾವ ವಾರ ಎಂಬುದು ಇಬ್ಬರಿಗೂ ಬಾಯಿಪಾಠ. ಅಲ್ಲಿಂದ ಮಾತು ನೀರಿನ ಸರದಿಗೆ ಬಂತು. ಯಾವ ವಾರ ಯಾರು ಮೋಟಾರು ಹಚ್ಚಬೇಕು, ನಡುವೆ ಕರೆಂಟ್ ಹೋದರೆ ಹೋದ ತಾಸು ಯಾರ ಲೆಕ್ಕಕ್ಕೆ, ಮೋಟಾರು ಸುಟ್ಟರೆ ರಿವೈಂಡಿಂಗ್ ಖರ್ಚು ಯಾರದು? ಆ ಕೊನೆಯ ಒಂದು ಕಲಮಿಗೇ ಮಧ್ಯಾಹ್ನವೆಲ್ಲ ಹೋಯಿತು. ಸ್ಟಾರ್ಟರ್ ಡಬ್ಬಿಯ ಕೀಲಿಕೈಯನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಳ್ಳಲು ಒಪ್ಪಲಿಲ್ಲ. ಊರಿನ ಹಿಟ್ಟಿನ ಗಿರಣಿಯ ಗೋಡೆಗೆ ಒಂದು ಮೊಳೆ ಹೊಡೆದು ಅಲ್ಲಿ ತೂಗುಹಾಕುವುದು, ಸರದಿ ಬಂದವರು ಅಲ್ಲಿಂದ ತೆಗೆದುಕೊಳ್ಳುವುದು ಎಂದು ಬರೆಸಿದೆವು.

ಆ ಎರಡು ಮನೆಯವರು ಇಂದಿಗೂ ಒಬ್ಬರ ಮದುವೆಗೆ ಒಬ್ಬರು ಹೋಗುವುದಿಲ್ಲ. ಆದರೆ ಎರಡೂ ಹೊಲಗಳಿಗೆ ನೀರು ಹೋಗುತ್ತಿದೆ. ಬಡಿಗೆ ಹಿಡಿದು ಯಾರೂ ಬಾವಿಯ ಕಟ್ಟೆಗೆ ಬಂದಿಲ್ಲ. ಕ್ಷಮೆ ಬಂತೇ ಎಂದು ನಾನು ಕೇಳಲಿಲ್ಲ. ಅದನ್ನು ಕೇಳುವ ಹಕ್ಕು ನನಗಿದೆ ಎಂದು ಅನ್ನಿಸಲೂ ಇಲ್ಲ.

ಈಜಿಪ್ಟ್ ಮತ್ತು ಇಸ್ರೇಲ್ ನಡುವೆ 1948, 1956, 1967, 1973ರಲ್ಲಿ ಯುದ್ಧಗಳಾದವು. 1979ರಲ್ಲಿ ಒಪ್ಪಂದವಾಯಿತು. ಒಪ್ಪಂದ ಮಾಡಿಕೊಂಡ ಅಧ್ಯಕ್ಷ ಅನ್ವರ್ ಸಾದತ್ ಅವರನ್ನು 1981ರಲ್ಲಿ ಅವರದೇ ಸೈನಿಕರು ಗುಂಡಿಟ್ಟು ಕೊಂದರು. ಆದರೂ 1982ರಲ್ಲಿ ಸಿನಾಯಿ ಈಜಿಪ್ಟಿಗೆ ಮರಳಿತು. ಉಳಿದದ್ದು ತಾಬಾ ಎಂಬ ಸಮುದ್ರ ದಂಡೆಯ ಚೂರು ನೆಲ. ಜಗಳ ನಿಂತದ್ದು ಗಡಿಯ ಬಾಂದುಗಲ್ಲುಗಳ ಮೇಲೆ, ಅದರಲ್ಲೂ 91ನೆಯ ಕಲ್ಲು ನಿಜವಾಗಿ ಎಲ್ಲಿತ್ತು ಎಂಬುದರ ಮೇಲೆ. ಹಳೆಯ ನಕಾಶೆ, ಹಳೆಯ ಫೋಟೊ, ಸರ್ವೆ ದಾಖಲೆಗಳನ್ನು ಹರವಿಕೊಂಡು ಅಂತರರಾಷ್ಟ್ರೀಯ ಪಂಚರು ಕುಳಿತರು. 1988ರಲ್ಲಿ ತೀರ್ಪು ಈಜಿಪ್ಟಿನ ಪರವಾಗಿ ಬಂತು, ಮರುವರ್ಷ ಇಸ್ರೇಲ್ ಜಾಗ ಬಿಟ್ಟುಕೊಟ್ಟಿತು. ಆ ಎರಡು ದೇಶಗಳ ಜನರ ನಡುವೆ ಪ್ರೀತಿ ಬೆಳೆಯಿತೆಂದು ಯಾರೂ ಹೇಳುವುದಿಲ್ಲ. ಆದರೆ 1979ರ ನಂತರ ಅವು ಒಂದರೊಡನೊಂದು ಯುದ್ಧ ಮಾಡಿಲ್ಲ.

ಒಮ್ಮೊಮ್ಮೆ ಸ್ನೇಹವೂ ಬರುತ್ತದೆ, ಆದರೆ ಹಿಂದಿನಿಂದ. ಉತ್ತರ ಐರ್ಲೆಂಡಿನಲ್ಲಿ ಐಆರ್‌ಎ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಕ್‌ಗಿನಿಸ್ ಮತ್ತು ದಶಕಗಳ ಕಾಲ ಯಾವ ರಾಜಿಯೂ ಬೇಡ ಎಂದು ಗುಡುಗಿದ ಪಾದ್ರಿ ಇಯಾನ್ ಪೇಸ್ಲಿ 2007ರ ಮೇ ತಿಂಗಳಲ್ಲಿ ಒಂದೇ ಸರ್ಕಾರದ ಎರಡು ಕುರ್ಚಿಗಳಲ್ಲಿ ಕುಳಿತರು. ಕುಳಿತ ಮೇಲೆ ನಗಲು ಕಲಿತರು. 2014ರಲ್ಲಿ ಪೇಸ್ಲಿ ತೀರಿಕೊಂಡಾಗ ಮೆಕ್‌ಗಿನಿಸ್ ಒಬ್ಬ ಗೆಳೆಯನನ್ನು ಕಳೆದುಕೊಂಡೆ ಎಂದರು. ಅಂಥ ಗೆಳೆತನಕ್ಕಾಗಿ ಕಾದು ಕುಳಿತಿದ್ದರೆ ಆ ಕುರ್ಚಿಗಳನ್ನು ಯಾರೂ ಹಾಕುತ್ತಿರಲಿಲ್ಲ.

ಪ್ರಶ್ನೆ: ಮಗ ಸೈನ್ಯದಲ್ಲಿದ್ದಾನೆ. ಮೊದಲು ಕಾಶ್ಮೀರದ ಗಡಿಯಲ್ಲಿದ್ದ, ಈಗ ಮಣಿಪುರದಲ್ಲಿದ್ದಾನೆ. ಗಡಿಯಲ್ಲಿದ್ದಾಗ ವೈರಿ ಯಾರೆಂದಾದರೂ ಗೊತ್ತಿತ್ತು, ಇಲ್ಲಿ ಎರಡೂ ಕಡೆ ನಮ್ಮವರೇ ಎನ್ನುತ್ತಾನೆ. ರಾತ್ರಿ ನಿದ್ದೆ ಬರುವುದಿಲ್ಲ.
– ಒಬ್ಬ ತಾಯಿ, ಬೈಲಹೊಂಗಲ

ಅಕ್ಕಾ, ನಿಮ್ಮ ಭಾಗದಲ್ಲಿ ಸೈನಿಕರಿಲ್ಲದ ಊರು ಹುಡುಕಿದರೂ ಸಿಗಲಾರದು. ನಿಮ್ಮ ಹಾಗೆ ಎಚ್ಚರವಾಗಿ ಮಲಗಿರುವ ತಾಯಂದಿರೂ ಎಷ್ಟೋ. ನಿದ್ದೆ ತರಿಸುವ ಮಾತು ನನ್ನಲ್ಲಿಲ್ಲ. ಆದರೆ ಮಗ ಇರುವ ರಾಜ್ಯದ ಪಕ್ಕದಲ್ಲೇ ಇರುವ ಮಿಜೋರಾಂ ಬಗ್ಗೆ ಹೇಳಬಲ್ಲೆ.

1959ರಲ್ಲಿ ಅಲ್ಲಿ ಬಿದಿರು ಹೂಬಿಟ್ಟಿತು. ಬಿದಿರಕ್ಕಿ ತಿಂದು ಇಲಿಗಳ ಹಿಂಡು ಬೆಳೆಯಿತು, ಬೆಳೆದ ಹಿಂಡು ಹೊಲ, ಕಣಜಗಳನ್ನು ಬರಿದು ಮಾಡಿತು. ಬರಕ್ಕೆ ಸರಿಯಾದ ನೆರವು ಬರಲಿಲ್ಲ ಎಂಬ ಸಿಟ್ಟಿನಲ್ಲಿ, ಬರ ಪರಿಹಾರಕ್ಕೆ ಹುಟ್ಟಿದ್ದ ಸಂಘಟನೆಯೇ ಲಾಲ್‌ಡೆಂಗಾ ಅವರ ನಾಯಕತ್ವದಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಮಾರ್ಚ್ 1ರಂದು ಅದು ಸ್ವಾತಂತ್ರ್ಯ ಘೋಷಿಸಿತು. ಮಾರ್ಚ್ 5ರಂದು ನಮ್ಮದೇ ವಾಯುಪಡೆಯ ವಿಮಾನಗಳು ಐಜ್ವಾಲ್ ಮೇಲೆ ದಾಳಿ ಮಾಡಿದವು. ಆಮೇಲೆ ಹಳ್ಳಿಗಳನ್ನು ಖಾಲಿ ಮಾಡಿಸಿ ಜನರನ್ನು ಕಾವಲಿನ ನೆಲೆಗಳಿಗೆ ಸಾಗಿಸಿದರು. ಅಲ್ಲಿಯೂ ಹೋರಾಟದ ಎರಡೂ ಕಡೆ ನಮ್ಮವರೇ ಇದ್ದರು. 1976ರಲ್ಲಿ ಒಂದು ಒಪ್ಪಂದವಾಗಿ ಬಿದ್ದುಹೋಯಿತು. 1982ರಲ್ಲಿ ಮಾತುಕತೆ ಮತ್ತೆ ಮುರಿಯಿತು. ಚರ್ಚಿನ ಹಿರಿಯರು ಮಾತ್ರ ಎರಡೂ ಕಡೆಯ ಬಾಗಿಲು ಬಡಿಯುವುದನ್ನು ಬಿಡಲಿಲ್ಲ. 1986ರ ಜೂನ್ 30ರಂದು, ಕೇಂದ್ರ ಗೃಹ ಕಾರ್ಯದರ್ಶಿ ಆರ್.ಡಿ. ಪ್ರಧಾನ್ ನಿವೃತ್ತರಾಗಬೇಕಿದ್ದ ದಿನವೇ, ಸಹಿ ಬಿತ್ತು.

ಅದರಲ್ಲಿ ನನಗೆ ಬಹಳ ದೊಡ್ಡದೆನಿಸುವುದು ಲಾಲ್ ಥನ್ಹಾವ್ಲಾ ಮಾಡಿದ ಕೆಲಸ. ಆಗ ಚುನಾಯಿತ ಮುಖ್ಯಮಂತ್ರಿ ಅವರು. ನಿನ್ನೆಯವರೆಗೆ ಬಂದೂಕು ಹಿಡಿದಿದ್ದ ಲಾಲ್‌ಡೆಂಗಾ ಮುಖ್ಯಮಂತ್ರಿಯಾಗಲೆಂದು ಕುರ್ಚಿ ಬಿಟ್ಟು ಉಪಮುಖ್ಯಮಂತ್ರಿಯಾದರು. ನಮ್ಮ ಕಡೆ ತಾಲ್ಲೂಕು ಪಂಚಾಯಿತಿಯ ಕುರ್ಚಿ ಬಿಡಿಸುವುದೇ ಎಷ್ಟು ಕಷ್ಟ ಎಂದು ನಿಮಗೂ ಗೊತ್ತು. 1989ರಲ್ಲಿ ಲಾಲ್ ಥನ್ಹಾವ್ಲಾ ಚುನಾವಣೆ ಗೆದ್ದೇ ಮತ್ತೆ ಮುಖ್ಯಮಂತ್ರಿಯಾದರು.

ಮಣಿಪುರದಲ್ಲಿ 2023ರ ಮೇ 3ರಿಂದ ಆದ ಗಾಯ ಇನ್ನೂ ಹಸಿ. ಮಿಜೋರಾಂನಲ್ಲಿ ಆದದ್ದೇ ಅಲ್ಲಿಯೂ ಆಗುತ್ತದೆ ಎಂದು ನಾನು ಬರೆದುಕೊಡಲಾರೆ. ಎರಡು ಸಮುದಾಯಗಳು ಒಂದೇ ನೆಲಕ್ಕೆ ಹಕ್ಕು ಕೇಳುವ ಜಗಳ ಸರ್ಕಾರ ಮತ್ತು ಬಂಡುಕೋರರ ಜಗಳಕ್ಕಿಂತ ಬಿಗಿಯಾದ ಗಂಟು. ಆದರೆ ಆ ಬೆಟ್ಟಗಳಲ್ಲಿ ಇಪ್ಪತ್ತು ವರ್ಷದ ಯುದ್ಧ ಒಮ್ಮೆ ನಿಂತಿದೆ. ನಿಮ್ಮ ಮಗನಿಗೆ ರಜೆ ಸಿಕ್ಕರೆ ಐಜ್ವಾಲ್ ನೋಡಿಬರಲು ಹೇಳಿ.

ಪ್ರಶ್ನೆ: ಶಾಂತಿ ಗೆದ್ದ ಕಥೆಗಳನ್ನೇ ನೀವು ಹಿಂದೆಯೂ ಹೇಳಿದ್ದೀರಿ. ಓಸ್ಲೊ ಒಪ್ಪಂದದ ಮಾತೇ ಎತ್ತುವುದಿಲ್ಲ. ಭರವಸೆ ಮಾರುವುದೂ ಒಂದು ಬಗೆಯ ಮೋಸ ಅಲ್ಲವೇ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಳಗಾವಿ

ಎತ್ತುತ್ತೇನೆ. 1993ರ ಸೆಪ್ಟೆಂಬರ್ 13ರಂದು ಶ್ವೇತಭವನದ ಅಂಗಳದಲ್ಲಿ ಇಸ್ರೇಲ್ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನಿ ನಾಯಕ ಅರಾಫತ್ ಕೈಕುಲುಕಿದರು. ಜೆರುಸಲೇಮ್, ನಿರಾಶ್ರಿತರು, ಗಡಿ, ಯಹೂದಿ ವಸಾಹತುಗಳು ಎಂಬ ನಾಲ್ಕೂ ಕಠಿಣ ಪ್ರಶ್ನೆಗಳನ್ನು ಮುಂದೆ ನೋಡೋಣ ಎಂದು ಬದಿಗಿಟ್ಟರು. ಕಷ್ಟದ ಕಲಮುಗಳನ್ನು ಖಾಲಿ ಬಿಟ್ಟು ಬರೆದ ರಾಜಿಪತ್ರ ಎಷ್ಟು ದಿನ ನಿಲ್ಲುತ್ತದೆ ಎಂಬುದು ಯಾವ ವಕೀಲರಿಗೂ ಗೊತ್ತು. ಬದಿಗಿಟ್ಟ ಅವಧಿಯಲ್ಲಿ ವಸಾಹತುಗಳು ಬೆಳೆಯುತ್ತಲೇ ಹೋದವು, ಬಸ್ಸುಗಳಲ್ಲಿ ಆತ್ಮಹತ್ಯಾ ಬಾಂಬುಗಳು ಸಿಡಿದವು. 1994ರಲ್ಲಿ ಹೆಬ್ರಾನಿನ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಒಬ್ಬ ಯಹೂದಿ ವಸಾಹತುಗಾರ ಕೊಂದ. 1995ರ ನವೆಂಬರ್ 4ರಂದು ರಾಬಿನ್ ಅವರನ್ನು ಕೊಂದವನು ಪ್ಯಾಲೆಸ್ಟೀನಿನವನಲ್ಲ, ಅವರದೇ ದೇಶದ ಕಾನೂನು ವಿದ್ಯಾರ್ಥಿ. ಸೋತದ್ದು ಮಾತುಕತೆ ಎಂದು ಜನ ಹೇಳುತ್ತಾರೆ. ಬರೆದದ್ದನ್ನು ನಡೆಸದೇ ಹೋದದ್ದು, ಬರೆಯಬೇಕಾದ್ದನ್ನು ಬರೆಯದೇ ಬಿಟ್ಟದ್ದು ಎಂದು ನಾನು ಹೇಳುತ್ತೇನೆ. ಈ ವ್ಯತ್ಯಾಸ ಮುಖ್ಯ. ಮೊದಲನೆಯದು ನಿಜವಾದರೆ ಮುಂದೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಅದೇ 1995ರಲ್ಲಿ, ಈ ಜಗಳದಲ್ಲಿ ಮಕ್ಕಳನ್ನು, ಒಡಹುಟ್ಟಿದವರನ್ನು ಕಳೆದುಕೊಂಡ ಕುಟುಂಬಗಳ ‘ಪೇರೆಂಟ್ಸ್ ಸರ್ಕಲ್’ ಎಂಬ ಸಂಘಟನೆ ಹುಟ್ಟಿತು. ಇಂದು ಇಸ್ರೇಲಿ, ಪ್ಯಾಲೆಸ್ಟೀನಿ ಎರಡೂ ಕಡೆಯ ನೂರಾರು ಕುಟುಂಬಗಳು ಅದರಲ್ಲಿವೆ. ಅವರಿಂದ ಯುದ್ಧ ನಿಂತಿಲ್ಲ. ಆದರೆ ಮಗುವನ್ನು ಹೂತವರು ಎದುರಿನವರ ಜೊತೆ ಕುಳಿತು ಮಾತನಾಡುತ್ತಿರುವಾಗ, ಎರಡು ಸಾವಿರ ಮೈಲಿಗೂ ಹೆಚ್ಚು ದೂರದಲ್ಲಿ ಕ್ಷೇಮವಾಗಿರುವ ನಾನು ಅವರ ಪರವಾಗಿ ಆಸೆ ಕೈಬಿಡುವುದು ನನಗೆ ಸರಿ ಕಾಣುವುದಿಲ್ಲ.

ಕೊಲಂಬಿಯಾದಲ್ಲಿಯೂ ಇದನ್ನೇ ಕಂಡೆವು. ಫಾರ್ಕ್ ಎಂಬ ಬಂಡುಕೋರ ಗುಂಪಿನ ಜೊತೆ ಐವತ್ತು ವರ್ಷ ದಾಟಿದ್ದ ಯುದ್ಧವನ್ನು ನಿಲ್ಲಿಸುವ ಒಪ್ಪಂದ 2016ರ ಅಕ್ಟೋಬರ್ 2ರ ಜನಮತದಲ್ಲಿ ಅರ್ಧ ಶೇಕಡಕ್ಕಿಂತ ಕಡಿಮೆ ಅಂತರದಲ್ಲಿ ಸೋತಿತು. ಬೊಜಾಯಾ ಎಂಬ ಊರಿನಲ್ಲಿ 2002ರಲ್ಲಿ ಚರ್ಚಿನೊಳಗೆ ಅಡಗಿದ್ದ ಜನರ ಮೇಲೆ ಫಾರ್ಕ್ ಎಸೆದ ಸಿಲಿಂಡರ್ ಬಾಂಬು ಬಿದ್ದಿತ್ತು. ಆ ಊರು ಒಪ್ಪಂದದ ಪರವಾಗಿ ಶೇ 95ಕ್ಕೂ ಹೆಚ್ಚು ಮತ ಹಾಕಿತು. ಸೋತ ಒಪ್ಪಂದವನ್ನು ತಿದ್ದಿ ನವೆಂಬರ್ 24ರಂದು ಮತ್ತೆ ಸಹಿ ಹಾಕಿದರು. ಕೊಲಂಬಿಯಾದ ಹಳ್ಳಿಗಳಲ್ಲಿ ಬೇರೆ ಗುಂಪುಗಳ ಬಂದೂಕು ಇನ್ನೂ ಸದ್ದು ಮಾಡುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟಾಗ ಮಾತ್ರ ಭರವಸೆ ಮೋಸವಾಗುತ್ತದೆ.

ಪ್ರಶ್ನೆ: ನಮ್ಮ ಗಡಿ ಜಗಳ ಮುಗಿಯುವ ಲಕ್ಷಣವಿದೆಯೇ?
– ಹೊಗೆಸೊಪ್ಪಿನ ವ್ಯಾಪಾರಿ, ನಿಪ್ಪಾಣಿ

ಬೆಳಗಾವಿ ಕರ್ನಾಟಕದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಮಹಾಜನ ವರದಿ ಬಂದದ್ದು 1967ರಲ್ಲಿ, ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ದಾವೆ ದಾವೆಯ ಪಾಡಿಗೆ ನಡೆಯಲಿ. ಬಸ್ಸಿಗೆ ಮಸಿ ಬಳಿದರೆ ಅದರ ಒಂದು ಹಾಳೆಯೂ ಮುಂದಕ್ಕೆ ತಿರುಗುವುದಿಲ್ಲ. ಗಡಿಯಲ್ಲಿ ಬಸ್ ನಿಂತ ದಿನ ಮಿರಜಿನ ಆಸ್ಪತ್ರೆಗೆ ಹೊರಟ ಅಥಣಿಯ ರೋಗಿಯೂ ಬೆಳಗಾವಿಯ ಪೇಟೆಗೆ ಹೊರಟ ಚಂದಗಡದ ರೈತನೂ ಒಟ್ಟಿಗೇ ಒದ್ದಾಡುತ್ತಾರೆ.

2019ರ ಮಹಾಪೂರದ ನಂತರ ಎರಡೂ ರಾಜ್ಯಗಳ ನೀರಾವರಿ ಎಂಜಿನಿಯರುಗಳು ಮಳೆಗಾಲದಲ್ಲಿ ಕೊಯ್ನಾ, ಆಲಮಟ್ಟಿಗಳ ಒಳಹರಿವು, ಹೊರಹರಿವಿನ ಲೆಕ್ಕವನ್ನು ಒಬ್ಬರಿಗೊಬ್ಬರು ತಿಳಿಸುತ್ತಾರೆ. ಆ ಸಂಖ್ಯೆಗಳಿಗಾಗಿ ಚಿಕ್ಕೋಡಿ, ಜಮಖಂಡಿಯ ನದಿ ದಂಡೆಯವರು ಎಷ್ಟು ಕಾತರದಿಂದ ಕಾಯುತ್ತಾರೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಯಾವ ವೇದಿಕೆಯ ಮೇಲೂ ಯಾರೂ ಇದರ ಬಗ್ಗೆ ಭಾಷಣ ಮಾಡುವುದಿಲ್ಲ.

ಮುಗಿಯುವ ಮಾತಿಗೆ ಬಂದರೆ, ಭಾರತ ಮತ್ತು ಬಾಂಗ್ಲಾದೇಶದ ಗಡಿಯಲ್ಲಿ ಒಂದರೊಳಗೆ ಇನ್ನೊಂದರ ನೆಲ ಸಿಕ್ಕಿಹಾಕಿಕೊಂಡ 162 ತುಂಡುಗಳಿದ್ದವು. ಅವುಗಳ ಜನರಿಗೆ ಶಾಲೆ ಇಲ್ಲ, ಪಡಿತರ ಇಲ್ಲ, ಗುರುತಿನ ಚೀಟಿ ಇಲ್ಲ. 1974ರಲ್ಲಿ ಇಂದಿರಾ ಗಾಂಧಿ ಮತ್ತು ಮುಜೀಬುರ್ ರೆಹಮಾನ್ ಒಪ್ಪಿದ ಅದಲುಬದಲು 2015ರ ಜುಲೈ 31ರ ಮಧ್ಯರಾತ್ರಿ ನಡೆಯಿತು. ಸಂಸತ್ತಿನ ಎರಡೂ ಸದನಗಳಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ. ಯಾವ ದೇಶ ಬೇಕೆಂದು ಅಲ್ಲಿಯ ಜನರನ್ನೇ ಕೇಳಿದರು, ಬಹುಪಾಲು ಜನ ಮನೆ ಬಿಟ್ಟು ಕದಲದೆ ದೇಶ ಬದಲಿಸಿಕೊಂಡರು. ನಲವತ್ತೊಂದು ವರ್ಷ ಹಿಡಿಯಿತು, ನಿಜ. ನಡೆದದ್ದೂ ನಿಜ.

ಪ್ರಶ್ನೆ: ಸುದ್ದಿ ನೋಡುವುದನ್ನೇ ಬಿಟ್ಟಿದ್ದೇನೆ. ನೋಡಿದರೆ ಮನಸ್ಸು ಕೆಡುತ್ತದೆ, ಬಿಟ್ಟರೆ ಅಪರಾಧಿ ಭಾವ ಕಾಡುತ್ತದೆ. ನನ್ನಂಥವಳು ಏನು ಮಾಡಬಹುದು?
– ಬಿ.ಎ. ವಿದ್ಯಾರ್ಥಿನಿ, ಜಮಖಂಡಿ

ಎಲ್ಲ ಯುದ್ಧಗಳನ್ನೂ ಒಬ್ಬಳೇ ಹೊರಬೇಡ ಮಗಳೇ. ಒಂದನ್ನು ಆರಿಸಿಕೊ. ಅದರ ನಕಾಶೆ ಬರೆ, ಇತಿಹಾಸ ಓದು, ಎರಡೂ ಕಡೆಯವರು ಬರೆದದ್ದನ್ನು ಓದು. ರಾತ್ರಿಯ ಟಿ.ವಿ. ಚರ್ಚೆ ಬೇಡ, ಬೆಳಗಿನ ಪತ್ರಿಕೆಯ ಒಳಪುಟ ಸಾಕು. ಅಲ್ಲಿ ಎರಡು ಇಂಚಿನ ಸುದ್ದಿಗಳನ್ನು ಹುಡುಕು. ಕೈದಿಗಳ ವಿನಿಮಯ, ಶವಗಳ ಹಸ್ತಾಂತರ, ಮೂರನೆಯ ದೇಶದಲ್ಲಿ ಅಧಿಕಾರಿಗಳ ಭೇಟಿ, ಹೀಗೆ. 2022ರಲ್ಲಿ ರಷ್ಯಾ ಮತ್ತು ಉಕ್ರೇನ್ ಒಂದರ ಮೇಲೊಂದು ಕ್ಷಿಪಣಿ ಹಾರಿಸುತ್ತಲೇ ಟರ್ಕಿ ಮತ್ತು ವಿಶ್ವಸಂಸ್ಥೆಯ ಮೂಲಕ ಧಾನ್ಯದ ಹಡಗುಗಳಿಗೆ ದಾರಿ ಬಿಟ್ಟವು. ಆ ಏರ್ಪಾಟು ಒಂದೇ ವರ್ಷ ಬಾಳಿತು. ಆ ಒಂದು ವರ್ಷದಲ್ಲಿ ಸುಮಾರು 3.3 ಕೋಟಿ ಟನ್ ಕಾಳು, ಎಣ್ಣೆ ಮತ್ತಿತರ ಆಹಾರ ಕಪ್ಪು ಸಮುದ್ರ ದಾಟಿತು. ಯುದ್ಧ ಶುರುವಾದಾಗ ನಿಮ್ಮ ಮನೆಯಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದ್ದನ್ನು ಅಮ್ಮನನ್ನು ಕೇಳು, ನೆನಪಿರುತ್ತದೆ.

ಕೊಲೆಯ ವಿಡಿಯೊಗಳನ್ನು ಯಾರಿಗೂ ಕಳಿಸಬೇಡ, ಬಂದದ್ದನ್ನು ಅಲ್ಲಿಯೇ ಅಳಿಸು. ಇದನ್ನು ಸಣ್ಣ ಕೆಲಸ ಎಂದುಕೊಳ್ಳಬೇಡ. ಮಣಿಪುರದಲ್ಲಿ ಸುಳ್ಳು ಸುದ್ದಿಯೇ ಎಷ್ಟು ಬೆಂಕಿ ಹಚ್ಚಿತು ಎಂದು ಓದಿದರೆ ಗೊತ್ತಾಗುತ್ತದೆ.

ಇನ್ನೊಂದು ಕೆಲಸ ಹೇಳುತ್ತೇನೆ. ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಂದು ಒಪ್ಪಂದ ಮಾಡಿಕೊಂಡವು, ಒಬ್ಬರ ಅಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಎಂದು. ಅದರಂತೆ 1992ರಿಂದ ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತವೆ. ಕಾರ್ಗಿಲ್ ಆಯಿತು, ಸಂಸತ್ತಿನ ಮೇಲೆ ದಾಳಿ ಆಯಿತು, ಮುಂಬೈ ಆಯಿತು, ಪುಲ್ವಾಮಾ ಆಯಿತು. ಅದರ ಮುಂದಿನ ಜನವರಿಯಲ್ಲೂ ಪಟ್ಟಿ ಹೋಯಿತು, ಬಂತು. ಪರಸ್ಪರರ ಜೈಲಿನಲ್ಲಿರುವ ಕೈದಿಗಳ, ಮೀನುಗಾರರ ಪಟ್ಟಿಯನ್ನು ಜನವರಿ 1 ಮತ್ತು ಜುಲೈ 1ರಂದು ಕೊಡುತ್ತಾರೆ. 2025ರ ಮೇ ತಿಂಗಳ ಕಾಳಗ ನಿಂತದ್ದು ಕೂಡ ಎರಡೂ ಸೈನ್ಯಗಳ ಕಾರ್ಯಾಚರಣೆ ಮುಖ್ಯಸ್ಥರು ಮೇ 10ರ ಮಧ್ಯಾಹ್ನ ಫೋನಿನಲ್ಲಿ ಮಾತನಾಡಿದ ಮೇಲೆ. ಜುಲೈ 1ಕ್ಕೆ ಕೈದಿಗಳ ಪಟ್ಟಿ ಎಂದಿನಂತೆ ವಿನಿಮಯವಾಯಿತು. ಆ ಪಟ್ಟಿಯಲ್ಲಿರುವ ಭಾರತೀಯ ಮೀನುಗಾರರಲ್ಲಿ ಹೆಚ್ಚಿನವರು ಗುಜರಾತಿನ ಕರಾವಳಿಯವರು. ಅವರ ಮನೆಯವರಿಗೆ ಗಂಡ, ಮಗ ಜೀವಂತ ಇದ್ದಾನೆ ಎಂಬುದಕ್ಕೆ ಸರ್ಕಾರಿ ಸಾಕ್ಷಿ ಅದು. ಮುಂದಿನ ಜನವರಿ 2ರ ಪತ್ರಿಕೆ ತೆಗೆದು ಆ ಸುದ್ದಿ ಹುಡುಕು, ಎಷ್ಟು ಜನರ ಹೆಸರು ಹೋಗಿದೆ, ಎಷ್ಟು ಜನ ಬಿಡುಗಡೆಯಾಗಿದ್ದಾರೆ ಎಂದು ನೋಡು. ಸಿಕ್ಕ ಸಂಖ್ಯೆಗಳನ್ನು ನನಗೆ ಬರೆದು ಕಳಿಸು, ಈ ಅಂಕಣದಲ್ಲಿ ನಿನ್ನ ಊರಿನ ಹೆಸರಿನ ಜೊತೆ ಹಾಕುತ್ತೇನೆ.